ನೆಂಟರು ನೋಡಲೆಂದು

ರಿಯೊ ಡಿ ಜನೈರೊ ನಗರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂದು ಹೊರಟ ಕುಟುಂಬದ ದಿನಚರಿ ಹೆಚ್ಚುಕಡಿಮೆ ಮೊದಲೇ ಬರೆದಿಟ್ಟಂತಿರುತ್ತದೆ. ಬೆಳಿಗ್ಗೆ ಕೊರ್ಕೊವಾಡೊ ಬೆಟ್ಟದ ಮೇಲಿನ ಕ್ರಿಸ್ತನ ಪ್ರತಿಮೆ. ಮಧ್ಯಾಹ್ನ ಬಣ್ಣದ ಹೆಂಚಿನ ಬಿಲ್ಲೆಗಳಿಂದ ಅಲಂಕರಿಸಿದ ಸೆಲರಾನ್ ಮೆಟ್ಟಿಲುಗಳು. ಇಳಿಹೊತ್ತಿಗೆ ಕೇಬಲ್ ಕಾರಿನಲ್ಲಿ ಶುಗರ್‌ಲೋಫ್ ಬೆಟ್ಟ. ಕತ್ತಲಾಗುವ ಹೊತ್ತಿಗೆ ಕೊಪಕಬಾನಾ ಕಡಲ ದಂಡೆಯ ಅಲೆ ಅಲೆ ಚಿತ್ತಾರದ ಕಾಲುದಾರಿ. ಬ್ರೆಜಿಲ್‌ನ ಬೇರೊಂದು ರಾಜ್ಯದಿಂದ ಬಂದವರಾಗಲಿ, ಬೇರೊಂದು ಖಂಡದಿಂದ ಬಂದವರಾಗಲಿ, ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜೊತೆಗೊಬ್ಬರು ಅಜ್ಜಿ ಇರುವ ಒಂದು ಸಂಸಾರ ಸಾಮಾನ್ಯವಾಗಿ ಈ ಹಾದಿಯಲ್ಲೇ ಸಾಗುತ್ತದೆ. ಸಂಜೆ ಕಾಲು ನೋಯುತ್ತಿರುತ್ತದೆ, ಫೋನು ಚಿತ್ರಗಳಿಂದ ತುಂಬಿರುತ್ತದೆ. ಊರಿಗೆ ಮರಳಿದ ಮೇಲೆ ‘ರಿಯೊ ನೋಡಿಕೊಂಡು ಬಂದೆವು’ ಎನ್ನುತ್ತಾರೆ.

ಈ ಮಾತಿನಲ್ಲಿ ಒಂದು ನೈತಿಕ ಪ್ರಶ್ನೆ ಇದೆ ಎಂದರೆ ಕೆಲವರಿಗೆ ನಗು ಬರಬಹುದು. ವರ್ಷವಿಡೀ ದುಡಿದು, ಪೈಸೆ ಪೈಸೆ ಉಳಿಸಿ, ಮಕ್ಕಳಿಗೆ ರಜೆ ಸಿಕ್ಕಾಗ ನಾಲ್ಕು ದಿನ ಹೊರಗೆ ಹೋಗುವವರ ಮುಂದೆ ನೀತಿಯ ಪುಸ್ತಕ ಬಿಚ್ಚುವುದು ರಸಭಂಗವೇ ಸರಿ. ಆದರೂ ಪ್ರಶ್ನೆ ಇದೆ. ಪ್ರವಾಸಿ ಆ ದಿನ ಮಾಡುವ ಮುಖ್ಯ ಕೆಲಸ ನೋಡುವುದು. ದುಡಿಯುವವನಿಗೆ ದುಡಿಮೆಯ ಹೊಣೆ ಇದೆ, ಮಾತಾಡುವವನಿಗೆ ಮಾತಿನ ಹೊಣೆ ಇದೆ. ಹಾಗಾದರೆ ನೋಡುವವನಿಗೆ ನೋಟದ ಹೊಣೆ ಎಂಬುದೊಂದು ಇದೆಯೇ? ತೋರಿಸಿದ್ದನ್ನು ನೋಡಿದರೆ ಸಾಕೇ? ತೋರಿಸದೆ ಉಳಿದದ್ದಕ್ಕೂ ನೋಡುವವನಿಗೂ ಏನಾದರೂ ಸಂಬಂಧವಿದೆಯೇ?

ಮೊದಲು ಸಂತೋಷದ ಪರವಾಗಿ ಹೇಳಬೇಕಾದದ್ದನ್ನು ಹೇಳೋಣ. ಕೊರ್ಕೊವಾಡೊ ಬೆಟ್ಟ ಹತ್ತುವ ಪುಟ್ಟ ರೈಲು 1884ರಿಂದ ಓಡುತ್ತಿದೆ. ಬೆಟ್ಟದ ತುದಿಯ ಪ್ರತಿಮೆ ಪೂರ್ಣವಾದದ್ದು 1931ರಲ್ಲಿ. ಅಂದರೆ ಕ್ರಿಸ್ತ ಅಲ್ಲಿಗೆ ಬಂದು ನಿಲ್ಲುವ ಮುನ್ನ ಸುಮಾರು ಅರ್ಧ ಶತಮಾನ ಜನ ಬರಿಯ ನೋಟಕ್ಕಾಗಿಯೇ ಆ ಬೆಟ್ಟ ಹತ್ತುತ್ತಿದ್ದರು. 710 ಮೀಟರ್ ಎತ್ತರದಿಂದ ಕೊಲ್ಲಿ, ದ್ವೀಪಗಳು, ಕಡಲಿನಿಂದ ನೇರ ಎದ್ದು ನಿಂತ ಕರಿಬಂಡೆಗಳು, ಅವುಗಳ ನಡುವೆ ಹೇಗೋ ಜಾಗ ಮಾಡಿಕೊಂಡು ಹರಡಿದ ಊರು, ಎಲ್ಲ ಒಟ್ಟಿಗೆ ಕಾಣುತ್ತವೆ. 30 ಮೀಟರ್ ಎತ್ತರದ, 28 ಮೀಟರ್ ಅಗಲಕ್ಕೆ ಕೈ ಚಾಚಿದ ಪ್ರತಿಮೆಯ ಮೈಗೆ ಹೊದಿಸಿರುವುದು ಬಳಪದ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ತುಣುಕುಗಳನ್ನು. ನಮ್ಮ ಬೇಲೂರು, ಹಳೇಬೀಡಿನ ಶಿಲ್ಪಿಗಳು ಉಳಿಗೆ ಒಗ್ಗುತ್ತದೆಂದು ಆರಿಸಿಕೊಂಡ ಮೃದು ಕಲ್ಲಿನ ಜಾತಿಯದೇ ಅದು. ಇದನ್ನೆಲ್ಲ ಕಂಡು ಒಂದು ಮಗು ಬಾಯಿ ತೆರೆದು ನಿಂತರೆ ಆ ಬೆರಗು ಸುಳ್ಳಲ್ಲ. ಜಗತ್ತು ಚೆಲುವಾಗಿದೆ ಎಂದು ತಿಳಿಯುವುದೂ ಒಂದು ತಿಳಿವೇ. ಅದನ್ನು ಮಕ್ಕಳಿಂದ ಕಸಿದುಕೊಳ್ಳುವ ನೀತಿ ಒಳ್ಳೆಯ ನೀತಿಯಲ್ಲ.

ಆದರೆ ಆ ರೈಲು ಹಾದುಹೋಗುವ ಹಸಿರನ್ನು ಒಮ್ಮೆ ಗಮನಿಸಬೇಕು. ತಿಜುಕಾ ಅರಣ್ಯ ಎಂದು ಕರೆಯುವ ಈ ಕಾಡನ್ನು ನೋಡಿದವರು ಅನಾದಿಕಾಲದಿಂದ ಹೀಗೆಯೇ ಇದ್ದಿರಬೇಕು ಅಂದುಕೊಳ್ಳುತ್ತಾರೆ. ಅದರ ಬಹುಭಾಗ ಮನುಷ್ಯರು ನೆಟ್ಟದ್ದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಇಳಿಜಾರುಗಳನ್ನು ಬೋಳಿಸಿ ಕಾಫಿ ಬೆಳೆದರು. ಕಾಡು ಹೋದ ಮೇಲೆ ತೊರೆಗಳು ಬತ್ತಿದವು, ಊರಿಗೆ ಕುಡಿಯುವ ನೀರಿನ ಕೊರತೆ ಬಂತು. 1861ರಲ್ಲಿ ಚಕ್ರವರ್ತಿ ಎರಡನೆಯ ಪೆದ್ರೊನ ಸರ್ಕಾರ ಕಾಡನ್ನು ಮತ್ತೆ ಬೆಳೆಸುವ ಕೆಲಸವನ್ನು ಮೇಜರ್ ಮಾನುಯೆಲ್ ಗೋಮೆಸ್ ಆರ್ಚರ್‌ಗೆ ಒಪ್ಪಿಸಿತು. ಗುಂಡಿ ತೋಡಿ ಸಸಿ ನೆಟ್ಟವರು ಗುಲಾಮರು. ಮೊದಲ ತಂಡದಲ್ಲಿದ್ದವರ ಹೆಸರುಗಳು ಉಳಿದುಬಂದಿವೆ: ಎಲೆಯುತೇರಿಯೊ, ಕೊನ್ಸ್ತಾಂತಿನೊ, ಮಾನುಯೆಲ್, ಮತೇವುಸ್, ಲಿಯೊಪೋಲ್ದೊ, ಮರಿಯಾ. ಬೆಟ್ಟದ ತುದಿಯ ಪ್ರತಿಮೆಯ ಜೊತೆ ಅದನ್ನು ಕಟ್ಟಿಸಿದ ಎಂಜಿನಿಯರ್ ಹೆಸರನ್ನು ಮಾರ್ಗದರ್ಶಿ ಹೇಳಿಯೇ ಹೇಳುತ್ತಾನೆ. ಕಾಡು ಕಟ್ಟಿದವರ ಹೆಸರನ್ನು ಹೇಳುವವರು ಕಡಿಮೆ.

ಕನ್ನಡದ ಕಣ್ಣಿಗೆ ಆ ಕಾಡಿನಲ್ಲಿ ಇನ್ನೊಂದು ಆಶ್ಚರ್ಯ ಕಾದಿದೆ. ರೈಲಿನ ಕಿಟಕಿಯಾಚೆ, ಬುಡದಿಂದಲೇ ಕಾಯಿ ಜೋತುಬಿದ್ದ ಹಲಸಿನ ಮರಗಳು! ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಯಿಂದ ಕೊಂಡೊಯ್ದ ಹಲಸು ಅಲ್ಲಿ ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಈಗ ಅರಣ್ಯ ಸಂರಕ್ಷಕರಿಗೆ ಅದು ಸ್ಥಳೀಯ ಗಿಡಗಳನ್ನು ಹತ್ತಿಕ್ಕುವ ತಲೆನೋವು. ಅಲ್ಲಿ ಅದನ್ನು ‘ಜಾಕಾ’ ಎನ್ನುತ್ತಾರೆ, ಮಲಯಾಳದ ‘ಚಕ್ಕ’ ಪೋರ್ಚುಗೀಸರ ಬಾಯಲ್ಲಿ ತಾಳಿದ ರೂಪ ಅದು. ಹಲಸಿನ ಮರ ಕಂಡು ‘ಅರೆ, ನಮ್ಮದು’ ಎಂದು ಹಿಗ್ಗುವುದು ಸಹಜ. ಆದರೆ ಆ ಬೀಜವನ್ನು ಸಾಗಿಸಿದ ಕಡಲ ಸಾಮ್ರಾಜ್ಯವೇ ಮನುಷ್ಯರನ್ನೂ ಸಾಗಿಸಿತು. ಒಂದು ಸಣ್ಣ ಸಂಗತಿಯ ಹಿಂದೆ ಹೋದರೂ ಸಾಕು, ಅದು ನಮ್ಮನ್ನು ದೊಡ್ಡ ಸಂಗತಿಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಇಳಿಹೊತ್ತಿನ ಶುಗರ್‌ಲೋಫ್‌ಗೆ ಬರೋಣ. ಎರಡು ಹಂತಗಳಲ್ಲಿ ಏರುವ ಅದರ ಕೇಬಲ್ ಕಾರಿನ ಮೊದಲ ಹಂತ ಶುರುವಾದದ್ದು 1912ರಲ್ಲಿ. 396 ಮೀಟರ್ ಎತ್ತರದ ತುದಿಯಿಂದ ನೋಡಿದರೆ ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ದಂಡೆಯುದ್ದಕ್ಕೂ ಎತ್ತರದ ಕಟ್ಟಡಗಳ ಸಾಲು, ಗುಡ್ಡಗಳ ಮೈಮೇಲೆ ಒತ್ತೊತ್ತಾಗಿ ಕೂತ ಚಿಕ್ಕ ಮನೆಗಳು. ದೂರದಿಂದ ಎರಡೂ ಚೆಂದವೇ. ಎತ್ತರಕ್ಕೆ ಇರುವ ಶಕ್ತಿ ಇದು. ವಾಸನೆ, ಸದ್ದು, ಬಾಡಿಗೆ, ಪೊಲೀಸರ ಗುಂಡಿನ ಭಯ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಇದಾವುದೂ ಅಷ್ಟು ಮೇಲಕ್ಕೆ ಬರುವುದಿಲ್ಲ. ಬಣ್ಣ ಮತ್ತು ಬೆಳಕು ಮಾತ್ರ ಬರುತ್ತವೆ. ಆಗ ಮಕ್ಕಳಲ್ಲಿ ಒಬ್ಬರು ಕೈ ತೋರಿಸಿ ಕೇಳಬಹುದು: ‘ಅಪ್ಪಾ, ಆ ಗುಡ್ಡದ ಮೇಲೆ ಬೊಂಬೆ ಮನೆ ತರ ಇದಾವಲ್ಲ, ಅಲ್ಲಿ ಯಾರಿರ್ತಾರೆ?’

ಅವು ಫಾವೆಲಾಗಳು. ನಗರದ ಜನಸಂಖ್ಯೆಯಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ವಾಸಿಸುವ ಬಡಾವಣೆಗಳು. ಮಗುವಿನ ಪ್ರಶ್ನೆಗೆ ಅಪ್ಪ ಮೂರು ರೀತಿ ಉತ್ತರ ಕೊಡಬಹುದು. ಒಂದು, ‘ಬಡವರು ಇರ್ತಾರೆ ಕಣೋ’ ಎಂದು ಹೇಳಿ ಐಸ್‌ಕ್ರೀಂ ಅಂಗಡಿಯತ್ತ ತಿರುಗುವುದು. ಇದು ಸುಳ್ಳಲ್ಲ, ಆದರೆ ಮಾತು ಮುಗಿಸಲೆಂದೇ ಆಡಿದ ಮಾತು. ಎರಡು, ‘ಅಲ್ಲಿಗೆಲ್ಲ ಹೋಗಬಾರದು, ಕಳ್ಳಕಾಕರು’ ಎಂದು ಹೆದರಿಸುವುದು. ಬೆಳಿಗ್ಗೆ ತಿಂಡಿ ಬಡಿಸಿದ ಹೋಟೆಲಿನ ಕೆಲಸದವಳು, ಟ್ಯಾಕ್ಸಿ ಓಡಿಸಿದವನು, ದಂಡೆಯಲ್ಲಿ ಎಳನೀರು ಕೊಟ್ಟವನು ಅಂಥದೇ ಗುಡ್ಡದಿಂದ ಇಳಿದು ಬಂದವರಾಗಿರಬಹುದು ಎಂಬುದು ಈ ಉತ್ತರದಲ್ಲಿ ಮರೆತುಹೋಗುತ್ತದೆ. ಮೂರನೆಯದು, ‘ಬಾ, ಹೋಗಿ ನೋಡೋಣ’ ಎನ್ನುವುದು.

ಮೂರನೆಯದು ಧೈರ್ಯದ ಉತ್ತರದಂತೆ ಕಾಣುತ್ತದೆ. ಅದಕ್ಕೆ ವ್ಯವಸ್ಥೆಯೂ ಇದೆ. 1990ರ ದಶಕದ ಆರಂಭದಿಂದಲೇ ರೋಸಿನ್ಯಾ ಎಂಬ ದೊಡ್ಡ ಫಾವೆಲಾಕ್ಕೆ ಪ್ರವಾಸಿಗರನ್ನು ಜೀಪುಗಳಲ್ಲಿ ಕರೆದೊಯ್ಯುವುದು ನಡೆದುಬಂದಿದೆ. ಇಂಥ ಪ್ರವಾಸಗಳ ಬಗ್ಗೆ ಅಲ್ಲಿಯವರಲ್ಲೇ ಒಮ್ಮತವಿಲ್ಲ. ಅಲ್ಲಿಯ ನಿವಾಸಿಗಳೇ ನಡೆಸುವ, ಅವರೇ ಮಾತಾಡುವ ನಡಿಗೆಗಳೂ ಇವೆ, ಅವುಗಳಿಂದ ನಾಲ್ಕು ಕಾಸು ಅಲ್ಲೇ ಉಳಿಯುತ್ತದೆ. ಆದರೆ ತೆರೆದ ಜೀಪಿನಲ್ಲಿ ಕುಳಿತು ಒಬ್ಬರ ಮನೆಯಂಗಳದ ಬಟ್ಟೆ ಒಣಗುವುದನ್ನು ಫೋಟೊ ತೆಗೆಯುವುದರಲ್ಲಿ ಏನೋ ಕೆಟ್ಟದ್ದಿದೆ ಎಂದು ಯಾರಿಗಾದರೂ ಅನ್ನಿಸೀತು. ನೋಡಿಸಿಕೊಳ್ಳುವವರು ಕರೆದಿಲ್ಲ, ತಿರುಗಿ ನೋಡುವ ಅವಕಾಶ ಅವರಿಗಿಲ್ಲ. ಅವರು ಜೀಪು ಹತ್ತಿ ನಮ್ಮ ಮನೆಯ ಅಡುಗೆಕೋಣೆ ನೋಡಲು ಬರುವುದಿಲ್ಲ. ಹಾಗಾಗಿ ‘ಎಲ್ಲವನ್ನೂ ನೋಡಬೇಕು’ ಎಂಬುದು ನೋಟದ ಹೊಣೆಯ ಉತ್ತರವಾಗಲಾರದು. ಎಲ್ಲವನ್ನೂ ನೋಡುವ ಹಕ್ಕು ಯಾರಿಗೂ ಇಲ್ಲ.

ನೋಡದೆ ತಿರುಗಿಕೊಳ್ಳುವುದೂ ಸರಿಯಲ್ಲ, ಎಲ್ಲವನ್ನೂ ನೋಡುವುದೂ ಸರಿಯಲ್ಲ ಎಂದಾದರೆ ಮತ್ತೇನು? ಇದಕ್ಕೆ ಉತ್ತರ ಹುಡುಕಲು ಗುಡ್ಡದಿಂದ ಇಳಿದು ಹಳೆಯ ಬಂದರಿನ ಕಡೆ ಹೋಗಬೇಕು. ಒಂದು ದಿನದ ಪ್ರವಾಸಪಟ್ಟಿಯಲ್ಲಿ ಸಾಮಾನ್ಯವಾಗಿ ಇಲ್ಲದ ಜಾಗ ಅದು. ಹೆಸರು ವಲೊಂಗೊ. ಅದರ ಕತೆಯ ವಿಶೇಷವೆಂದರೆ, ಅಲ್ಲಿ ನಡೆದ ಒಂದೊಂದು ತಿರುವಿನಲ್ಲೂ ಯಾರದೋ ಕಣ್ಣಿನ ಪ್ರಶ್ನೆ ಇದೆ.

ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದವರನ್ನು ರಿಯೊದ ನಡುಪೇಟೆಯಲ್ಲೇ ಮಾರುತ್ತಿದ್ದರು. 1774ರಲ್ಲಿ ವೈಸರಾಯ್ ಆಗಿದ್ದ ಲಾವ್ರಾದಿಯೊ ಆ ಮಾರುಕಟ್ಟೆಯನ್ನು ಊರಾಚೆಯ ವಲೊಂಗೊಕ್ಕೆ ಸಾಗಿಸಿದ. ರೋಗಗಳ ಭಯ ಒಂದು ಕಾರಣ. ಮೈಮೇಲೆ ಬಟ್ಟೆಯಿಲ್ಲದ ಬಡಪಾಯಿಗಳು ಬೀದಿಯಲ್ಲಿ ಕೂತಿರುವ ದೃಶ್ಯ ಮರ್ಯಾದಸ್ಥರ ಕಣ್ಣಿಗೆ ಬೀಳಬಾರದು ಎಂಬುದು ಇನ್ನೊಂದು. ವ್ಯಾಪಾರ ನಿಲ್ಲಬೇಕೆಂದು ಅವನಿಗೆ ಅನ್ನಿಸಲಿಲ್ಲ, ಕಾಣಬಾರದು ಎಂದಷ್ಟೇ ಅನ್ನಿಸಿತು. 1811ರಲ್ಲಿ ಅಲ್ಲಿ ಕಲ್ಲು ಹಾಸಿದ ಧಕ್ಕೆ ಕಟ್ಟಿದರು. ಆ ಧಕ್ಕೆಯ ಮೂಲಕ ಸುಮಾರು 9 ಲಕ್ಷ ಆಫ್ರಿಕನ್ನರು ದಕ್ಷಿಣ ಅಮೆರಿಕದ ನೆಲಕ್ಕೆ ಕಾಲಿಟ್ಟರೆಂದು ಅಂದಾಜು. ಬಂದಿಳಿದೊಡನೆ ಸತ್ತವರನ್ನು ಹತ್ತಿರದಲ್ಲೇ ಆಳವಿಲ್ಲದ ಗುಂಡಿಗಳಲ್ಲಿ ಹಾಕಿದರು. ಆ ಹೂಳುಗಾಡಿನ ಗುರುತೂ ಅಳಿಸಿಹೋಗಿತ್ತು. 1996ರಲ್ಲಿ ಒಂದು ದಂಪತಿ ತಮ್ಮ ಮನೆಯನ್ನು ದುರಸ್ತಿ ಮಾಡಿಸಲು ನೆಲ ಅಗೆಸಿದಾಗ ಎಲುಬುಗಳು ಸಿಕ್ಕವು. ಈಗ ಅಲ್ಲೊಂದು ಸ್ಮಾರಕ ಸಂಸ್ಥೆ ಇದೆ.

1831ರಲ್ಲಿ ಬ್ರಿಟನ್ನಿನ ಒತ್ತಡದಿಂದಾಗಿ ಬ್ರೆಜಿಲ್ ಗುಲಾಮರ ಆಮದನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಪುಸ್ತಕದಲ್ಲಿತ್ತು, ಹಡಗುಗಳು ಬರುತ್ತಲೇ ಇದ್ದವು. ಆ ಬಳಿಕವೂ ಲಕ್ಷಾಂತರ ಜನರನ್ನು ಕದ್ದು ಇಳಿಸಿದರು. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಇಂದಿಗೂ ಒಂದು ನುಡಿಗಟ್ಟಿದೆ, ‘ಪಾರಾ ಇಂಗ್ಲೆಸ್ ವೆರ್’, ಎಂದರೆ ‘ಇಂಗ್ಲಿಷರು ನೋಡಲೆಂದು’. ಬರೀ ತೋರಿಕೆಗೆ ಮಾಡಿದ್ದಕ್ಕೆಲ್ಲ ಅದನ್ನು ಬಳಸುತ್ತಾರೆ. ಆ ಮಾತು ಹುಟ್ಟಿದ್ದು ಈ ಕಾನೂನಿನಿಂದ ಎಂದು ಬಹಳ ಮಂದಿ ಹೇಳುತ್ತಾರೆ. ಹೊರಗಿನವರ ಕಣ್ಣಿಗೆ ಒಂದು, ಒಳಗೆ ಒಂದು. ಗುಲಾಮಗಿರಿ ಪೂರ್ತಿಯಾಗಿ ರದ್ದಾದದ್ದು 1888ರ ಮೇ 13ರಂದು, ಅಮೆರಿಕ ಖಂಡಗಳ ದೇಶಗಳಲ್ಲೇ ಕೊನೆಯದಾಗಿ.

ಈ ಎರಡು ದಿನಾಂಕಗಳ ನಡುವೆ, 1843ರಲ್ಲಿ, ವಲೊಂಗೊ ಧಕ್ಕೆಗೆ ಒಬ್ಬ ಅತಿಥಿ ಬಂದಳು. ಎರಡನೆಯ ಪೆದ್ರೊನನ್ನು ವರಿಸಲಿದ್ದ ನೇಪಲ್ಸ್‌ನ ರಾಜಕುಮಾರಿ ತೆರೆಸಾ ಕ್ರಿಸ್ಟಿನಾ. ವಯಸ್ಸು ಇಪ್ಪತ್ತೊಂದು. ಅವಳು ಕಾಲಿಡುವ ನೆಲ ಅಂದವಾಗಿರಬೇಕೆಂದು ಗುಲಾಮರ ಧಕ್ಕೆಯ ಒರಟು ಕಲ್ಲುಗಳ ಮೇಲೆ ನಯವಾಗಿ ಕಡೆದ ಹೊಸ ಕಲ್ಲುಗಳನ್ನು ಹಾಸಿದರು. ಹೆಸರನ್ನೂ ಬದಲಿಸಿ ‘ಸಾಮ್ರಾಜ್ಞಿಯ ಧಕ್ಕೆ’ ಎಂದರು. ಈ ಮದುವೆಯಲ್ಲೇ ಇನ್ನೊಂದು ಕಣ್ಣುಕಟ್ಟು ನಡೆದಿತ್ತು. ಪೆದ್ರೊನಿಗೆ ಮೊದಲೇ ತೋರಿಸಿದ್ದ ವಧುವಿನ ಚಿತ್ರ ಅವಳಿಗಿಂತ ಚೆಲುವಾಗಿತ್ತಂತೆ, ಅವಳನ್ನು ಎದುರಿಗೆ ಕಂಡಾಗ ಹದಿನೇಳರ ಆ ಹುಡುಗ ನಿರಾಸೆಯನ್ನು ಅಡಗಿಸಿಕೊಳ್ಳಲಾಗಲಿಲ್ಲವಂತೆ. ಅವಳಿಗಾಗಿ ಒಂದು ಊರನ್ನು ತಿದ್ದಿದ್ದರು, ಅವನಿಗಾಗಿ ಅವಳನ್ನೇ ತಿದ್ದಿದ್ದರು.

ಈ ಕತೆಯಲ್ಲಿ ಮನಸ್ಸಿಗೆ ನಾಟುವ ಸಂಗತಿ ಬೇರೆಯೇ ಇದೆ. ತೆರೆಸಾ ಕ್ರಿಸ್ಟಿನಾಗೆ ಪುರಾತತ್ವದಲ್ಲಿ ನಿಜವಾದ ಆಸಕ್ತಿ ಇತ್ತು. ಇಟಲಿಯಲ್ಲಿ ಉತ್ಖನನಗಳಿಗೆ ನೆರವಾದಳು, ಪೊಂಪೆಯಂಥ ಕಡೆಗಳಿಂದ ಬಂದ ಪ್ರಾಚೀನ ವಸ್ತುಗಳನ್ನು ರಿಯೊಗೆ ತರಿಸಿದಳು. ಆ ಸಂಗ್ರಹ ಮುಂದೆ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. 2018ರ ಸೆಪ್ಟೆಂಬರ್‌ನಲ್ಲಿ ಆ ಕಟ್ಟಡ ಹೊತ್ತಿ ಉರಿದಾಗ ಅದರಲ್ಲಿ ಬಹಳಷ್ಟು ಹಾಳಾಯಿತು. ನೆಲದಡಿ ಹೂತುಹೋದ ಬದುಕನ್ನು ತಿಳಿಯುವ ಕುತೂಹಲವಿದ್ದ ಹೆಣ್ಣುಮಗಳು ತನ್ನ ಪಾದದಡಿ ಏನಿದೆಯೆಂದು ಕೇಳದೆಯೇ ಹೊಸ ದೇಶಕ್ಕೆ ಇಳಿದಳು. ಅವಳದು ತಪ್ಪೇ? ಅವಳು ಯಾರನ್ನೂ ಮಾರಲಿಲ್ಲ. ಕಲ್ಲು ಹಾಸಲು ಹೇಳಿದವಳೂ ಅವಳಲ್ಲ. ಆದರೂ ಆ ಕಲ್ಲುಗಳನ್ನು ಹಾಸಿದ್ದು ಅವಳ ಕಣ್ಣಿಗಾಗಿ. ಅವಳು ಬಾರದೆ ಹೋಗಿದ್ದರೆ ಅವನ್ನು ಹಾಸುತ್ತಿರಲಿಲ್ಲ.

ಒಂದು ದಿನದ ಪ್ರವಾಸಿ ನಿಂತಿರುವುದು ಹೆಚ್ಚುಕಡಿಮೆ ಆ ರಾಜಕುಮಾರಿಯ ಜಾಗದಲ್ಲಿ. 2010ರ ಹೊತ್ತಿಗೆ, ವಿಮಾನ ನಿಲ್ದಾಣದಿಂದ ಊರಿಗೆ ಬರುವ ಹೆದ್ದಾರಿಯ ಬದಿಯಲ್ಲಿ, ಮಾರೆ ಎಂಬ ಫಾವೆಲಾಗಳ ಸಮೂಹದ ಪಕ್ಕ ಎತ್ತರದ ಫಲಕಗಳ ಗೋಡೆ ಎದ್ದಿತು. ಸದ್ದು ತಡೆಯಲೆಂದು ಅಧಿಕಾರಿಗಳು ಹೇಳಿದರು. ವಿಶ್ವಕಪ್ಪು, ಒಲಿಂಪಿಕ್ಸ್‌ಗೆ ಬರುವವರಿಗೆ ನಾವು ಕಾಣಬಾರದೆಂದು ಇದು, ನಾಚಿಕೆಯ ಗೋಡೆ ಎಂದು ಅಲ್ಲಿಯ ನಿವಾಸಿಗಳಲ್ಲಿ ಅನೇಕರು ಹೇಳಿದರು. ಇನ್ನೊಂದು ಹೋಲಿಕೆಯೂ ಇದೆ. 1897ರ ಹೊತ್ತಿಗೆ ಕನುದುಸ್ ಯುದ್ಧದಿಂದ ಮರಳಿದ ಸೈನಿಕರು ನೆಲೆ ನಿಂತ ಪ್ರೊವಿಡೆನ್ಸಿಯಾ ಗುಡ್ಡವನ್ನು ನಗರದ ಮೊದಲ ಫಾವೆಲಾ ಎನ್ನುತ್ತಾರೆ. ಅದು ವಲೊಂಗೊದ ಪಕ್ಕದಲ್ಲೇ ಇದೆ. ಅಲ್ಲಿಗೂ 2014ರಲ್ಲಿ ಒಂದು ಕೇಬಲ್ ಕಾರು ಬಂತು. ಒಲಿಂಪಿಕ್ಸ್ ಮುಗಿದ ಅದೇ ವರ್ಷದ ಕೊನೆಗೆ, 2016ರಲ್ಲಿ, ಅದು ನಿಂತುಹೋಗಿ ವರ್ಷಗಟ್ಟಲೆ ನಿಂತೇ ಇತ್ತು. ಶುಗರ್‌ಲೋಫ್‌ನ ಕೇಬಲ್ ಕಾರು ನೂರು ವರ್ಷ ದಾಟಿ ಓಡುತ್ತಿದೆ. ಒಂದು ನೋಡಲು ಬಂದವರಿಗೆ, ಇನ್ನೊಂದು ಅಲ್ಲಿ ಬದುಕುವವರಿಗೆ.

ನೆಂಟರು ಬರುತ್ತಾರೆಂದರೆ ನಾವೂ ಮನೆಯನ್ನು ಓರಣ ಮಾಡುತ್ತೇವೆ. ಹರಕು ಚಾದರ ಒಳಕೋಣೆ ಸೇರುತ್ತದೆ, ಮಂಚದ ಕೆಳಗೆ ತುರುಕಿದ್ದು ಕಾಣದಂತೆ ಹೊಸ ಹೊದಿಕೆ ಇಳಿಬಿಡುತ್ತೇವೆ. ಇದು ಮೋಸವಲ್ಲ, ಬಂದವರ ಮೇಲಿನ ಗೌರವ. ಆದರೆ ಮನೆಯಲ್ಲಿ ಕಾಯಿಲೆ ಬಿದ್ದ ಅಜ್ಜನನ್ನೋ, ಕೆಲಸಕ್ಕಿರುವ ಹುಡುಗಿಯನ್ನೋ ನೆಂಟರಿಗೆ ಕಾಣದಂತೆ ಹಿತ್ತಲಿಗೆ ಕಳಿಸಿದರೆ ಅದು ಓರಣವಲ್ಲ. ವಸ್ತುವನ್ನು ಮರೆಮಾಡುವುದಕ್ಕೂ ಮನುಷ್ಯನನ್ನು ಮರೆಮಾಡುವುದಕ್ಕೂ ಇರುವ ಅಂತರ ಇದು. ಮೊದಲನೆಯದರಿಂದ ಯಾರಿಗೂ ನೋವಿಲ್ಲ. ಎರಡನೆಯದರಲ್ಲಿ, ನೀನು ಈ ಮನೆಗೆ ನಾಚಿಕೆ ತರುವವನು ಎಂದು ಒಬ್ಬ ಜೀವಂತ ವ್ಯಕ್ತಿಗೆ ಹೇಳಿದಂತಾಗುತ್ತದೆ. ಅದನ್ನು ಹೇಳಿದ್ದು ಆತಿಥೇಯನಾದರೂ, ಹೇಳಿದ್ದು ಅತಿಥಿಯ ಹೆಸರಿನಲ್ಲಿ.

ತತ್ವಶಾಸ್ತ್ರದಲ್ಲಿ ಅತಿಥಿಯ ಹಕ್ಕಿನ ಬಗ್ಗೆ ಮಾತು ಬಂದಾಗಲೆಲ್ಲ ಕಾಂಟ್ ನೆನಪಾಗುತ್ತಾನೆ. 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪ್ರಬಂಧದಲ್ಲಿ ಆತ, ಪರಸ್ಥಳಕ್ಕೆ ಬಂದವನನ್ನು ಹಗೆಯಂತೆ ಕಾಣಬಾರದು, ಭೇಟಿ ನೀಡುವ ಹಕ್ಕು ಎಲ್ಲ ಮನುಷ್ಯರಿಗೂ ಇದೆ ಎಂದು ವಾದಿಸಿದ. ಯುರೋಪಿನವರು ದೂರದ ನಾಡುಗಳಿಗೆ ಭೇಟಿಯ ಹೆಸರಿನಲ್ಲಿ ಹೋಗಿ ಅವನ್ನು ವಶಪಡಿಸಿಕೊಂಡದ್ದನ್ನು ಅಲ್ಲೇ ಖಂಡಿಸಿದ ಕೂಡ. ಭೇಟಿ ಕೊಡುವವನು ಕಸಿದುಕೊಳ್ಳಬಾರದು ಎಂಬ ಮಿತಿ ಅಲ್ಲಿ ಸ್ಪಷ್ಟವಾಗಿದೆ. ಇದಕ್ಕೆ ಇನ್ನೊಂದನ್ನು ಸೇರಿಸಬೇಕು ಎನ್ನಿಸುತ್ತದೆ. ತನ್ನ ಹೆಸರಿನಲ್ಲಿ ಏನನ್ನು ಮರೆಮಾಡಿದ್ದಾರೆ ಎಂದು ಕೇಳುವುದೂ ಅತಿಥಿಯ ಹೊಣೆ. ಮುಚ್ಚಿದವನು ನಾನಲ್ಲ ಎಂಬುದು ನಿಜ. ಆದರೆ ಮುಚ್ಚಿದ್ದರಿಂದ ಸಿಕ್ಕ ಸುಖ ನನಗೆ ಬಂದಿದೆ. ನಾನು ಕೇಳದೆ ಬಂದ ಆ ಉಡುಗೊರೆಯನ್ನು ಹಿಂತಿರುಗಿಸಲು ಇರುವ ದಾರಿ ಒಂದೇ, ಕೇಳುವುದು. ‘ಇಲ್ಲಿ ಮೊದಲು ಏನಿತ್ತು?’ ಎಂಬ ಪ್ರಶ್ನೆ ಸಣ್ಣದು. ಆದರೆ ಅತಿಥಿ ಅದನ್ನು ಕೇಳತೊಡಗಿದರೆ, ಮುಚ್ಚಿದ್ದಕ್ಕೆ ಇದ್ದ ಕಾರಣವೇ ಇಲ್ಲವಾಗುತ್ತದೆ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಒಂದು ಗಂಟೆ ಹಳೆಯ ಕಲ್ಲುಗಳ ಮುಂದೆ ನಿಂತು ಮುಖ ಸಪ್ಪೆ ಮಾಡಿಕೊಂಡರೆ ಯಾರಿಗೆ ಏನು ಲಾಭ ಎಂಬುದು. ಈ ಆಕ್ಷೇಪದಲ್ಲಿ ಹುರುಳಿದೆ. ದುಃಖವನ್ನೂ ಪ್ರವಾಸದ ಒಂದು ತಿನಿಸಿನಂತೆ ಸವಿಯಬಹುದು, ಸವಿದು ತಾನು ಒಳ್ಳೆಯವನೆಂದು ಬೀಗಬಹುದು. ಅದಕ್ಕೇ ನೋಟದ ಹೊಣೆಯನ್ನು ಮರುಕದ ಅಳತೆಯಲ್ಲಿ ಅಳೆಯಬಾರದು. ಅಲ್ಲಿ ಆಗಬೇಕಾದದ್ದು ಅಳುವುದಲ್ಲ, ತಿಳಿಯುವುದು. ಬೆಳಿಗ್ಗೆ ಕಂಡ ಕಾಡು, ಸಂಜೆ ಕಂಡ ಗುಡ್ಡದ ಮನೆಗಳು, ಈ ಧಕ್ಕೆ, ಮೂರೂ ಒಂದೇ ಕತೆಯ ಭಾಗಗಳು ಎಂದು ತಿಳಿದಾಗ ‘ಬಡವರು ಇರ್ತಾರೆ’ ಎಂಬ ಉತ್ತರ ಸಾಲದಾಗುತ್ತದೆ. ಬಡತನ ಗುಡ್ಡದಲ್ಲಿ ತಾನಾಗಿ ಬೆಳೆದ ಗಿಡವಲ್ಲ ಎಂದು ಗೊತ್ತಾಗುತ್ತದೆ. 1888ರಲ್ಲಿ ಬಿಡುಗಡೆಯಾದವರಿಗೆ ಭೂಮಿಯಾಗಲಿ ಮನೆಯಾಗಲಿ ಪರಿಹಾರವಾಗಲಿ ಸಿಗಲಿಲ್ಲ. ಹಾಗೆ ಬರಿಗೈಯಲ್ಲಿ ಹೊರಬಿದ್ದವರಲ್ಲಿ ಮತ್ತು ಅವರ ಮಕ್ಕಳುಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಗುಡ್ಡ ಹತ್ತಿದರು.

ಎರಡನೆಯ ಆಕ್ಷೇಪ ಸಮಯದ್ದು. ಒಂದು ದಿನದಲ್ಲಿ ಎಷ್ಟೆಂದು ನೋಡುವುದು? ನಿಜ, ಯಾವ ನಗರವೂ ಒಂದು ದಿನಕ್ಕೆ ದಕ್ಕುವುದಿಲ್ಲ. ಆದರೆ ಆಯ್ಕೆ ಮಾಡಲೇಬೇಕು ಎಂದಾಗ ಆಯ್ಕೆಗೆ ಅರ್ಥ ಬರುತ್ತದೆ. ಬಂದರಿನ ಅಂಚಿನಲ್ಲಿ 2015ರಲ್ಲಿ ತೆರೆದ ‘ನಾಳೆಯ ವಸ್ತುಸಂಗ್ರಹಾಲಯ’ವನ್ನು ನೋಡಲು ಹೋಗುವವರಿದ್ದಾರೆ. ಅಲ್ಲಿಂದ ವಲೊಂಗೊ ನಡೆದು ಹೋಗುವಷ್ಟು ದೂರ. ನಾಳೆಯನ್ನು ನೋಡಲು ಬಂದವರಿಗೆ ನಿನ್ನೆ ನೋಡಲು ಹೊತ್ತಿಲ್ಲ ಎಂದರೆ, ಕೊರತೆ ಇರುವುದು ಹೊತ್ತಿನದಲ್ಲ.

ಮೂರನೆಯದು ಮಕ್ಕಳ ಬಗ್ಗೆ. ಅವರ ಪುಟ್ಟ ತಲೆಗೆ ಇಷ್ಟು ಭಾರ ಯಾಕೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆರು ವರ್ಷದ ಮಗುವಿಗೆ ಹಡಗಿನ ಒಡಲಿನ ವಿವರಗಳು ಬೇಕಿಲ್ಲ. ಆದರೆ ಮಕ್ಕಳಿಗೆ ಅನ್ಯಾಯ ಅರ್ಥವಾಗುವುದಿಲ್ಲ ಎಂಬುದು ದೊಡ್ಡವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ನಂಬಿಕೆ. ತನಗೆ ಸಿಗಬೇಕಾದ ಮಿಠಾಯಿ ಅಣ್ಣನಿಗೆ ಹೋದ ಕ್ಷಣವೇ ಮಗುವಿಗೆ ಅದು ಅರ್ಥವಾಗಿರುತ್ತದೆ. ‘ಬಹಳ ಜನರನ್ನು ಅವರ ಮನೆಯಿಂದ ಹಿಡಿದು ತಂದು ಇಲ್ಲಿ ಇಳಿಸಿದ್ದರು, ಅವರು ಮತ್ತೆ ಮನೆಗೆ ಹೋಗಲಿಲ್ಲ’ ಎಂದರೆ ಸಾಕು. ಮುಂದಿನ ಪ್ರಶ್ನೆಗಳನ್ನು ಮಗುವೇ ಕೇಳುತ್ತದೆ, ತನಗೆ ಹೊರಲಾಗುವಷ್ಟನ್ನು ಮಾತ್ರ ಕೇಳುತ್ತದೆ. ಬೆಟ್ಟದ ಮೇಲೆ ಕಲಿತ ಬೆರಗನ್ನು ಇದು ಅಳಿಸುವುದಿಲ್ಲ. ಬೆರಗಿನ ಪಕ್ಕದಲ್ಲಿ ಇನ್ನೊಂದು ಭಾವಕ್ಕೆ ಜಾಗ ಮಾಡಿಕೊಡುತ್ತದೆ.

ವಲೊಂಗೊಕ್ಕೆ ಹೋದರೆ ನೋಡಲು ಹೆಚ್ಚೇನೂ ಇಲ್ಲ ಎಂಬುದನ್ನೂ ಹೇಳಿಬಿಡಬೇಕು. ಎತ್ತರವಿಲ್ಲ, ನೋಟವಿಲ್ಲ. ರಸ್ತೆಯ ಮಟ್ಟಕ್ಕಿಂತ ಕೆಳಗೆ, ಬಯಲಿಗೆ ತೆರೆದ ಒಂದು ತಗ್ಗು, ಅದರಲ್ಲಿ ಕಲ್ಲುಗಳು. ಜೀವಂತ ಮನುಷ್ಯರ ಅಂಗಳಕ್ಕೆ ಕರೆಯದೆ ನುಗ್ಗುವ ಮುಜುಗರ ಅಲ್ಲಿಲ್ಲ. ಆ ಧಕ್ಕೆಗೆ ಇಳಿದವರ ವಂಶದವರೂ ಅವರ ನೆನಪನ್ನು ಕಾಯುವವರೂ, ಜನ ಬಂದು ನೋಡಲಿ, ತಿಳಿಯಲಿ ಎಂದೇ ಬಯಸುವ ಜಾಗ ಅದು. ನೋಡುವ ಹಕ್ಕಿಗೂ ನೋಡುವ ಹೊಣೆಗೂ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕುತ್ತಿದ್ದೆವಲ್ಲ, ಅದು ಇಲ್ಲೇ ಎಲ್ಲೋ ಇದೆ. ಯಾರು ನೋಡಬೇಡಿ ಎನ್ನುತ್ತಾರೋ ಅಲ್ಲಿ ಕಣ್ಣು ತಗ್ಗಿಸಬೇಕು. ಯಾರು ನಮ್ಮನ್ನು ಮುಚ್ಚಿಬಿಟ್ಟರು, ಬಂದು ನೋಡಿ ಎನ್ನುತ್ತಾರೋ ಅಲ್ಲಿಗೆ ಹೋಗಬೇಕು.

ಸಾಮ್ರಾಜ್ಞಿಯ ಧಕ್ಕೆಯೂ ಬಹಳ ಕಾಲ ಉಳಿಯಲಿಲ್ಲ. ಬಂದರಿನ ಸುಧಾರಣೆಯ ಹೆಸರಿನಲ್ಲಿ 1911ರಲ್ಲಿ ಅದನ್ನೂ ಮಣ್ಣು ತುಂಬಿ ಮುಚ್ಚಿದರು. ಸರಿಯಾಗಿ ನೂರು ವರ್ಷದ ಬಳಿಕ, 2011ರಲ್ಲಿ, ಬಂದರು ಪ್ರದೇಶವನ್ನು ಮತ್ತೊಮ್ಮೆ ಸಿಂಗರಿಸುವ ಕಾಮಗಾರಿ ನಡೆದಾಗ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪುರಾತತ್ವಜ್ಞೆ ತಾನಿಯಾ ಆಂದ್ರಾದೆ ಲಿಮಾ ಅವರ ತಂಡ ಎರಡೂ ಧಕ್ಕೆಗಳನ್ನು ಹೊರತೆಗೆಯಿತು. ಮಣ್ಣಿನಲ್ಲಿ ಮಣಿಗಳು, ಕವಡೆಗಳು, ತಾಯಿತಗಳು, ನಾರಿನಲ್ಲಿ ಹೆಣೆದ ಉಂಗುರಗಳು ಸಿಕ್ಕವು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಕೆಳಗಿನ ಗುಲಾಮರ ಕಲ್ಲುಗಳನ್ನು ತೋರಿಸಲೆಂದು ಮೇಲಿನ ಸಾಮ್ರಾಜ್ಞಿಯ ಕಲ್ಲುಗಳನ್ನು ಪೂರ್ತಿ ಕಿತ್ತೊಗೆಯಲಿಲ್ಲ. ಇವತ್ತು ಅಲ್ಲಿ ಎರಡೂ ಪದರಗಳು ಕಾಣುತ್ತವೆ. ಒರಟಾದ, ಸಮವಲ್ಲದ ಕಲ್ಲುಗಳು, ಅವುಗಳ ಮೇಲೆ ನಯವಾಗಿ ಕಡೆದವು. ಮುಚ್ಚಿದ್ದು ಏನನ್ನು, ಯಾವುದರಿಂದ ಎಂಬುದು ಮಕ್ಕಳಿಗೂ ಕಣ್ಣಿಗೆ ಕಾಣುವಂತಿದೆ. ಒಂದು ಊರನ್ನು ನೋಡಿಬಂದ ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೂ ಹೀಗೆಯೇ ಸಾಧ್ಯ. ಬೆಟ್ಟದ ತುದಿಯ ನೋಟವನ್ನು ಸುಳ್ಳೆಂದು ಎಸೆಯಬೇಕಾಗಿಲ್ಲ, ಅದರ ಕೆಳಗಿನದನ್ನು ಮತ್ತೆ ಮುಚ್ಚದೆ ಇದ್ದರಾಯಿತು.